ಬೀಫ್ ಬರ್ಗರ್: ಮನೆಯಂಗಳದ ಕೆಂಡದಲ್ಲಿ

ಕೊಚ್ಚಿದ ದನದ ಮಾಂಸವನ್ನು ಬಿಲ್ಲೆಯಾಗಿ ತಟ್ಟಿ, ಕೆಂಡದ ಮೇಲೆ ಸುಟ್ಟು, ಸೀಳಿದ ಬನ್ನಿನ ನಡುವೆ ಇಟ್ಟು ತಿನ್ನುವ ತಿನಿಸು. ಹುಟ್ಟಿ ಬೆಳೆದದ್ದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಹೆಸರು ಮಾತ್ರ ಜರ್ಮನಿಯ ಬಂದರು ಪಟ್ಟಣ ಹ್ಯಾಂಬರ್ಗಿನದು. ಪೂರ್ಣ ಹೆಸರು ಹ್ಯಾಂಬರ್ಗರ್. ‘ಹ್ಯಾಮ್’ ಎಂಬ ಸದ್ದು ಕೇಳಿ ಇದರಲ್ಲಿ ಹಂದಿ ಮಾಂಸವಿರಬೇಕೆಂದು ಊಹಿಸುವವರು ಇಂದಿಗೂ ಇದ್ದಾರೆ. ಹಂದಿಗೂ ಇದಕ್ಕೂ ನಂಟಿಲ್ಲ. ಹ್ಯಾಂಬರ್ಗಿನದು ಹ್ಯಾಂಬರ್ಗರ್, ಅಷ್ಟೇ. ಪದದ ಬಾಲವನ್ನಷ್ಟೇ ಉಳಿಸಿಕೊಂಡು ‘ಬರ್ಗರ್’ ಎಂದದ್ದು, ಆ ಬಾಲಕ್ಕೆ ಚಿಕನ್, ವೆಜ್, ಆಲೂ ಎಂದು ಬೇರೆ ಬೇರೆ ತಲೆ ಅಂಟಿಸುತ್ತ ಹೋದದ್ದು ಆಮೇಲಿನ ಕತೆ.

ಮಾಡುವ ಬಗೆಯನ್ನು ಎರಡು ಸಾಲಿನಲ್ಲಿ ಹೇಳಿ ಮುಗಿಸಬಹುದು. ಆದರೂ ಮನೆಯಲ್ಲಿ ಮಾಡಿದ ಬರ್ಗರುಗಳಲ್ಲಿ ಎಷ್ಟೋ ಚೆಂಡಿನಂತೆ ಉಬ್ಬಿ ಬಿರುಸಾಗಿರುತ್ತವೆ, ಇಲ್ಲವೇ ಹೊರಗೆ ಸೀದು ಒಳಗೆ ಹಸಿ ಉಳಿದಿರುತ್ತವೆ. ಕೊಚ್ಚಿದ ಮಾಂಸ ಇಡೀ ತುಂಡಿನ ಹಾಗೆ ನಡೆದುಕೊಳ್ಳುವುದಿಲ್ಲ ಎಂಬುದು ಮರೆತುಹೋಗುವುದೇ ಇದಕ್ಕೆ ಕಾರಣ. ಯಂತ್ರದ ಬಾಯಿಂದ ಹೊರಬಿದ್ದ ಕ್ಷಣದಿಂದ ಅದರ ನಾರು ತುಂಡಾಗಿರುತ್ತದೆ, ಕೊಬ್ಬು ಒಳಗೆಲ್ಲ ಹಂಚಿಹೋಗಿರುತ್ತದೆ, ಮೇಲ್ಮೈಯಲ್ಲಿದ್ದ ಸೂಕ್ಷ್ಮಜೀವಿ ನಡುವಿನವರೆಗೂ ತಲುಪಿರುತ್ತದೆ. ಉಪ್ಪು ಯಾವಾಗ, ಕೈ ಎಷ್ಟು, ಬೇಯುವುದು ಎಲ್ಲಿಯವರೆಗೆ ಎಂಬುದೆಲ್ಲ ಇಲ್ಲಿಂದಲೇ ಹೊರಡುತ್ತದೆ.

ಹುಟ್ಟು ಮತ್ತು ಹಿತ್ತಲು

19ನೆಯ ಶತಮಾನದಲ್ಲಿ ಜರ್ಮನ್ ವಲಸಿಗರು ಹಡಗು ಹತ್ತಿ ನ್ಯೂಯಾರ್ಕಿಗೆ ಬಂದಿಳಿದಂತೆ ‘ಹ್ಯಾಂಬರ್ಗ್ ಸ್ಟೇಕ್’ ಎಂಬ ಹೆಸರು ಅಲ್ಲಿನ ಹೋಟೆಲುಗಳ ಪಟ್ಟಿ ಸೇರಿತು. ಅದು ತಟ್ಟೆಯಲ್ಲಿಟ್ಟು ಚಾಕು, ಮುಳ್ಳುಚಮಚದಲ್ಲಿ ತಿನ್ನುವ ಕೊಚ್ಚಿದ ಮಾಂಸದ ಬಿಲ್ಲೆ. ಅದನ್ನು ಬ್ರೆಡ್ಡಿನ ನಡುವೆ ತುರುಕಿ ಕೈಗೆ ಕೊಟ್ಟವರಲ್ಲಿ ಮೊದಲಿಗರು ಯಾರು ಎಂಬ ವಾದ ಬಗೆಹರಿದಿಲ್ಲ, ಬಗೆಹರಿಯುವ ಲಕ್ಷಣವೂ ಇಲ್ಲ. ವಿಸ್ಕಾನ್ಸಿನ್ ರಾಜ್ಯದ ಸೀಮೋರ್ ಊರಿನವರ ಪ್ರಕಾರ 1885ರ ಜಾತ್ರೆಯಲ್ಲಿ ಚಾರ್ಲಿ ನಾಗ್ರೀನ್ ಎಂಬ ಹುಡುಗ ಮಾಂಸದುಂಡೆ ಮಾರುತ್ತಿದ್ದ. ಕೊಂಡವರು ಓಡಾಡಿಕೊಂಡು ತಿನ್ನಲಾಗದೆ ಒದ್ದಾಡುವುದನ್ನು ಕಂಡು ಉಂಡೆಯನ್ನು ಚಪ್ಪಟೆ ಮಾಡಿ ಬ್ರೆಡ್ಡಿನೊಳಗೆ ಇಟ್ಟ. ಅದೇ 1885ರಲ್ಲಿ ನ್ಯೂಯಾರ್ಕ್ ರಾಜ್ಯದ ಹ್ಯಾಂಬರ್ಗ್ ಎಂಬ ಊರಿನ ಜಾತ್ರೆಯಲ್ಲಿ ಮೆಂಚಸ್ ಸಹೋದರರು ಮಾಡಿದರು ಎಂಬುದು ಇನ್ನೊಂದು ಪಕ್ಷ. ಟೆಕ್ಸಸ್ಸಿನ ಅಥೆನ್ಸ್ ಪಟ್ಟಣ ತನ್ನ ಫ್ಲೆಚರ್ ಡೇವಿಸ್‌ನನ್ನು ಮುಂದಿಡುತ್ತದೆ. ಕನೆಕ್ಟಿಕಟ್ಟಿನ ನ್ಯೂ ಹೇವನ್ನಿನಲ್ಲಿರುವ ‘ಲೂಯಿಸ್ ಲಂಚ್’ ಎಂಬ ಪುಟ್ಟ ಹೋಟೆಲು ತನ್ನ ಹಕ್ಕನ್ನು 1900ಕ್ಕೆ ನಿಲ್ಲಿಸುತ್ತದೆ. ಈ ಕೊನೆಯ ಹೋಟೆಲಿಗೆ ಹೋದವರಿಗೆ ವಾದಕ್ಕಿಂತ ಒಲೆಯೇ ನೆನಪುಳಿಯುತ್ತದೆ: ಬಿಲ್ಲೆಯನ್ನು ನೆಟ್ಟಗೆ ನಿಲ್ಲಿಸಿ ಎರಡೂ ಬದಿ ಒಟ್ಟಿಗೆ ಸುಡುವ ಹಳೆಯ ಎರಕದ ಕಬ್ಬಿಣದ ಗ್ಯಾಸ್ ಒಲೆಗಳು. ಅಲ್ಲಿ ಬನ್ನೂ ಇಲ್ಲ, ಸುಟ್ಟ ಬ್ರೆಡ್ಡು. ಕೆಚಪ್ ಕೇಳಿದರೂ ಕೊಡುವುದಿಲ್ಲ.

ಕೊಚ್ಚಿದ ಮಾಂಸಕ್ಕೆ ಆ ಕಾಲದಲ್ಲಿ ಒಳ್ಳೆಯ ಹೆಸರಿರಲಿಲ್ಲ. ಕೊಚ್ಚಿದ ಮೇಲೆ ಒಳಗೆ ಏನು ಸೇರಿದೆ ಎಂದು ಹೇಳುವವರು ಯಾರು? 1906ರಲ್ಲಿ ಅಪ್ಟನ್ ಸಿಂಕ್ಲೇರ್ ಬರೆದ ‘ದಿ ಜಂಗಲ್’ ಕಾದಂಬರಿ ಷಿಕಾಗೋದ ಕಸಾಯಿಖಾನೆಗಳ ಕೊಳಕನ್ನು ಹೊರಗೆಳೆದು ಜನರ ಹೊಟ್ಟೆ ತೊಳಸುವಂತೆ ಮಾಡಿತು. ಅದೇ ವರ್ಷ ಮಾಂಸ ತಪಾಸಣೆಯ ಫೆಡರಲ್ ಕಾಯ್ದೆ ಬಂತು. 1921ರಲ್ಲಿ ಕಾನ್ಸಸ್ ರಾಜ್ಯದ ವಿಚಿಟಾ ನಗರದಲ್ಲಿ ವಾಲ್ಟರ್ ಆಂಡರ್ಸನ್ ಮತ್ತು ಬಿಲ್ಲಿ ಇಂಗ್ರಮ್ ಆರಂಭಿಸಿದ ‘ವೈಟ್ ಕ್ಯಾಸಲ್’ ಬಿಳಿ ಗೋಡೆ, ಥಳಥಳಿಸುವ ಉಕ್ಕು, ಗಿರಾಕಿಯ ಕಣ್ಣೆದುರೇ ಅಡುಗೆ ಎಂಬ ಉಪಾಯದಿಂದ ಈ ಅನುಮಾನವನ್ನು ತೊಳೆಯಹೊರಟಿತು. ಬೆಲೆ ಐದು ಸೆಂಟು. 1948ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ ಮೆಕ್‌ಡೊನಾಲ್ಡ್ ಸಹೋದರರು ತಮ್ಮ ಹೋಟೆಲನ್ನು ಕಾರ್ಖಾನೆಯ ಸಾಲಿನಂತೆ ಮರುಜೋಡಿಸಿದ ಮೇಲೆ ಬರ್ಗರ್ ಏನಾಯಿತು ಎಂಬುದು ಎಲ್ಲರಿಗೂ ಗೊತ್ತು.

ಮನೆಯ ಬರ್ಗರಿನ ದಾರಿ ಬೇರೆ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಊರಂಚಿನ ಬಡಾವಣೆಗಳಲ್ಲಿ ಹಿತ್ತಲಿರುವ ಮನೆಗಳು ಸಾಲುಸಾಲಾಗಿ ಎದ್ದವು. ಹಿತ್ತಲಿಗೆ ಒಲೆ ಬಂತು. ಇದ್ದಿಲ ಬಿಲ್ಲೆ ಅಷ್ಟರಲ್ಲೇ ಸಿದ್ಧವಿತ್ತು. 1920ರ ದಶಕದಲ್ಲಿ ಹೆನ್ರಿ ಫೋರ್ಡ್ ತನ್ನ ಮೋಟಾರು ಕಾರ್ಖಾನೆಗೆ ಬೇಕಾದ ಮರ ಕೊಯ್ದು ಉಳಿದ ಚೂರುಪಾರು, ಹೊಟ್ಟನ್ನೆಲ್ಲ ಇದ್ದಿಲು ಮಾಡಿಸಿ, ಒತ್ತಿ ಬಿಲ್ಲೆ ಮಾಡಿ, ಕಾರು ಮಾರುವ ಅಂಗಡಿಗಳಲ್ಲೇ ಮಾರಿಸಿದ್ದ. ಇಂದಿನ ‘ಕಿಂಗ್ಸ್‌ಫರ್ಡ್’ ಇದ್ದಿಲು ಅದರ ಮುಂದುವರಿಕೆ. 1952ರಲ್ಲಿ ಷಿಕಾಗೋದ ವೆಬರ್ ಬ್ರದರ್ಸ್ ಲೋಹ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್, ಅಲ್ಲಿ ತಯಾರಾಗುತ್ತಿದ್ದ ನೀರಿನ ಮೇಲೆ ತೇಲುವ ಬಾಯ್‌ಗಳ ಲೋಹದ ಅರ್ಧಗೋಳವನ್ನು ತೆಗೆದುಕೊಂಡು, ಕಾಲು ಜೋಡಿಸಿ, ಮುಚ್ಚಳ ಕೂರಿಸಿ ಗುಂಡನೆಯ ಗ್ರಿಲ್ ಮಾಡಿದ. ಗಾಳಿ ಮಳೆಗೆ ಕೆಂಡ ಕೆಡದಂತೆ ಕಾಯುವ ಈ ಮುಚ್ಚಳವೇ ಅದರ ಹೆಚ್ಚುಗಾರಿಕೆ. ಮೇ ಕೊನೆಯ ಮೆಮೋರಿಯಲ್ ಡೇ, ಜುಲೈ 4ರ ಸ್ವಾತಂತ್ರ್ಯ ದಿನ, ಸೆಪ್ಟೆಂಬರಿನ ಲೇಬರ್ ಡೇ, ಈ ಮೂರು ರಜೆಗಳಂದು ಅಮೆರಿಕದ ಬೀದಿಗಳಲ್ಲಿ ಕೊಬ್ಬು ಸುಟ್ಟ ಹೊಗೆ ಹಬ್ಬದ ಒಗ್ಗರಣೆಯ ಹಾಗೆ ಮನೆಯಿಂದ ಮನೆಗೆ ದಾಟುತ್ತದೆ.

ಮಾಂಸ

ಬರ್ಗರಿನ ರುಚಿ ಅರ್ಧಕ್ಕರ್ಧ ಕೊಬ್ಬಿನಲ್ಲಿದೆ. ನೂರಕ್ಕೆ ಎಂಬತ್ತು ಪಾಲು ಮಾಂಸ, ಇಪ್ಪತ್ತು ಪಾಲು ಕೊಬ್ಬು ಎಂಬುದು ಅನುಭವಸ್ಥರು ಒಪ್ಪಿದ ಅಳತೆ. ‘ಆರೋಗ್ಯಕ್ಕೆ ಒಳ್ಳೆಯದು’ ಎಂದು ಹತ್ತು ಪಾಲಿಗೂ ಕಡಿಮೆ ಕೊಬ್ಬಿನ ಮಾಂಸ ಕೊಂಡು ಕೆಂಡದ ಮೇಲಿಟ್ಟರೆ ಸಿಗುವುದು ಮರದ ಹೊಟ್ಟು. ಅಂಥವರು ಚಿಕ್ಕ ಬರ್ಗರ್ ತಿನ್ನುವುದು ಲೇಸು. ಇದಕ್ಕೆ ಸರಿಯಾಗಿ ಒದಗುವುದು ‘ಚಕ್’ ಎನ್ನುವ ಹೆಗಲ ಭಾಗ. ದುಡಿಯುವ ಸ್ನಾಯು ಆದ್ದರಿಂದ ರುಚಿ ಗಾಢ, ಕೊಬ್ಬೂ ಹೆಚ್ಚುಕಡಿಮೆ ಬೇಕಾದಷ್ಟೇ ಇರುತ್ತದೆ. ಎದೆಭಾಗದ ಬ್ರಿಸ್ಕೆಟ್ ಅಥವಾ ಪಕ್ಕೆಲುಬಿನ ಮಾಂಸ ಸ್ವಲ್ಪ ಬೆರೆಸುವುದು ರುಚಿಗಾರರ ರೂಢಿ. ತೊಡೆಯ ಮಾಂಸ ಅಗ್ಗ, ಆದರೆ ಒಣಕಲು. ನಿಧಾನವಾಗಿ ಬೇಯಿಸಬೇಕಾದ ಗಟ್ಟಿ ಭಾಗಗಳು ಕೊಚ್ಚಿದ ಮೇಲೆ ಹತ್ತು ನಿಮಿಷದಲ್ಲಿ ಬೆಂದು ಮೆದುವಾಗುವುದು ಕೊಚ್ಚಿದ ಮಾಂಸದ ದೊಡ್ಡ ಉಪಕಾರ.

ಅಮೆರಿಕದ ಅಂಗಡಿಗಳಲ್ಲಿ ಚೀಟಿ ಓದಿ ಕೊಳ್ಳುವವರಿಗೆ ಒಂದು ಸೂಕ್ಷ್ಮ: ‘ಗ್ರೌಂಡ್ ಬೀಫ್’ ಎಂದಿದ್ದರೂ ‘ಹ್ಯಾಂಬರ್ಗರ್’ ಎಂದಿದ್ದರೂ ಕೊಬ್ಬು ನೂರಕ್ಕೆ 30ನ್ನು ಮೀರುವಂತಿಲ್ಲ, ನೀರು ಹಿಟ್ಟು ಬೆರೆಸುವಂತಿಲ್ಲ. ವ್ಯತ್ಯಾಸ ಇಷ್ಟೇ, ಹ್ಯಾಂಬರ್ಗರ್ ಎಂದಿರುವುದಕ್ಕೆ ದನದ ಕೊಬ್ಬನ್ನು ಹೊರಗಿನಿಂದ ಸೇರಿಸಬಹುದು. ಗ್ರೌಂಡ್ ಬೀಫಿನಲ್ಲಿ ಮಾಂಸದ ಜೊತೆಗೇ ಬಂದ ಕೊಬ್ಬು ಮಾತ್ರ.

ಮನೆಯಲ್ಲೇ ಕೊಚ್ಚಿಕೊಳ್ಳುವುದು ಎಲ್ಲಕ್ಕಿಂತ ಉತ್ತಮ. ಕಟುಕನ ಅಂಗಡಿಯ ಒಂದು ಇಡೀ ತುಂಡು ಒಂದೇ ಪ್ರಾಣಿಯದು. ಪೊಟ್ಟಣದ ಮಾಂಸದಲ್ಲಿ ಎಷ್ಟು ಪ್ರಾಣಿಗಳದ್ದು ಬೆರೆತಿದೆಯೋ. ಮಾಂಸವನ್ನು ಹೆಬ್ಬೆರಳ ಗಾತ್ರಕ್ಕೆ ಕತ್ತರಿಸಿ, ತಟ್ಟೆಯಲ್ಲಿ ಹರಡಿ, ಅಂಚು ಗಟ್ಟಿಯಾಗುವ ತನಕ ಫ್ರೀಜರಿನಲ್ಲಿ ಇಡಬೇಕು. ಯಂತ್ರದ ಅಲಗು, ಜಾಲರಿಗಳೂ ಅಲ್ಲೇ ಇರಲಿ. ತಣ್ಣಗಿದ್ದರೆ ಕೊಬ್ಬು ಕತ್ತರಿಸಿಕೊಂಡು ಬಿಳಿ ಕಾಳುಗಳ ಹಾಗೆ ಬೀಳುತ್ತದೆ. ಬೆಚ್ಚಗಾದರೆ ಕೊಬ್ಬು ಕತ್ತರಿಸಿಕೊಳ್ಳುವುದಿಲ್ಲ, ಅರೆದುಹೋಗುತ್ತದೆ. ಮಾಂಸಕ್ಕೆಲ್ಲ ಬಳಿದುಕೊಂಡು ಗುಲಾಬಿ ಬಣ್ಣದ ಮುದ್ದೆಯಾಗಿ ಹೊರಬರುತ್ತದೆ. ಅಂಥ ಮುದ್ದೆಯ ಕೊಬ್ಬು ಬೆಂಕಿ ಕಂಡೊಡನೆ ಸೋರಿಹೋಗುತ್ತದೆ.

ಬಿಲ್ಲೆ ತಟ್ಟುವುದು

ಕನ್ನಡನಾಡಿನ ಮಾಂಸದಡುಗೆ ಬಲ್ಲ ಕೈ ಇಲ್ಲಿ ತಪ್ಪುವುದು ಸಹಜ. ನಮ್ಮಲ್ಲಿ ಕೈಮಾ ಎಂದರೆ ನಾದಬೇಕು. ಮಿಲಿಟರಿ ಹೋಟೆಲಿನ ಕೈಮಾ ಉಂಡೆಗೆ ಹುರಿಗಡಲೆ, ಕಾಯಿ, ಮಸಾಲೆ ಎಲ್ಲ ಸೇರಿಸಿ ರುಬ್ಬಿ ಅದುಮಿ ಉಂಡೆ ಕಟ್ಟದಿದ್ದರೆ ಅದು ಸಾರಿನಲ್ಲಿ ಬಿಚ್ಚಿಹೋಗುತ್ತದೆ. ಬೆಂಗಳೂರಿನ ಶಿವಾಜಿನಗರದ ಓಣಿಗಳಲ್ಲಿ ಸಂಜೆ ಹೊತ್ತು ಸೀಖ್ ಕಬಾಬು ಹಚ್ಚುವವನು ಉಪ್ಪು ಬೆರೆಸಿದ ಕೈಮಾವನ್ನು ಅಂಟು ಬರುವವರೆಗೂ ತಿಕ್ಕಿ, ಒದ್ದೆ ಕೈಯಲ್ಲಿ ಕಂಬಿಗೆ ಎಳೆಯುತ್ತಾನೆ. ಅಂಟಿಲ್ಲದಿದ್ದರೆ ಕಬಾಬು ಕೆಂಡಕ್ಕೆ ಬೀಳುತ್ತದೆ. ಬರ್ಗರಿನದು ಇದಕ್ಕೆ ತೀರ ಉಲ್ಟಾ ಶಾಸ್ತ್ರ. ಅದಕ್ಕೆ ಅಂಟೇ ಶತ್ರು.

ಅಂಟು ಎಲ್ಲಿಂದ ಬರುತ್ತದೆ ಎಂದರೆ ಮಯೋಸಿನ್ ಎಂಬ ಸ್ನಾಯು ಪ್ರೋಟೀನಿನಿಂದ. ಉಪ್ಪು ಅದನ್ನು ಕರಗಿಸಿ ಹೊರಗೆಳೆಯುತ್ತದೆ, ನಾದುವ ಕೈ ಅದನ್ನು ಜಾಲವಾಗಿ ಹೆಣೆಯುತ್ತದೆ, ಬಿಸಿ ತಾಕಿದಾಗ ಆ ಜಾಲ ಬಿಗಿಯುತ್ತದೆ. ಸಾಸೇಜಿಗೂ ಕಬಾಬಿಗೂ ಬೇಕಾದ ಪುಟಿಯುವ ಗುಣ ಹುಟ್ಟುವುದು ಹೀಗೆ. ಬರ್ಗರಿಗೆ ಬೇಕಾದದ್ದು ಕಚ್ಚಿದರೆ ಕುಸಿಯುವ ಸಡಿಲ. ಆದ್ದರಿಂದ ಉಪ್ಪನ್ನು ಮಾಂಸದೊಳಗೆ ಕಲಸಬಾರದು. ಬಿಲ್ಲೆ ತಟ್ಟಿ, ಇನ್ನೇನು ಕೆಂಡಕ್ಕೆ ಇಡಬೇಕು ಎನ್ನುವಾಗ ಮೇಲೆ ಕೆಳಗೆ ಧಾರಾಳವಾಗಿ ಉದುರಿಸಬೇಕು, ಜೊತೆಗೆ ಕುಟ್ಟಿದ ಮೆಣಸು. ಮೊಟ್ಟೆ, ಬ್ರೆಡ್ ಪುಡಿ, ಶುಂಠಿ ಬೆಳ್ಳುಳ್ಳಿ, ಕೊತ್ತಂಬರಿ ಸೇರಿಸಿದರೆ ತಪ್ಪೇನಿಲ್ಲ, ರುಚಿಯಾಗಿಯೂ ಇರುತ್ತದೆ. ಆದರೆ ಆಗುವುದು ಜರ್ಮನರ ಫ್ರಿಕಡೆಲ್, ಜಪಾನೀಯರ ಹಂಬಾಗು ಅಥವಾ ನಮ್ಮ ಶಾಮಿ ಕಬಾಬಿನ ದಾಯಾದಿ.

ನಾಲ್ಕು ಜನಕ್ಕೆ 700 ಗ್ರಾಂ ಮಾಂಸ ಸಾಕು. ನಾಲ್ಕು ಭಾಗ ಮಾಡಿ, ಒಂದನ್ನು ಎರಡು ಅಂಗೈ ನಡುವೆ ಹಗುರಾಗಿ ಹಿಡಿದು, ಅಂಚನ್ನು ಬೆರಳಿನಿಂದ ಸುತ್ತುತ್ತ ಕೂಡಿಸಿದರೆ ಆಯಿತು. ಅಕ್ಕಿರೊಟ್ಟಿ ತಟ್ಟುವಷ್ಟೂ ಒತ್ತಡ ಬೇಡ. ಮಾಂಸದ ಎಳೆಗಳು ಇನ್ನೂ ಬಿಡಿಬಿಡಿಯಾಗಿ ಕಾಣುತ್ತಿರಬೇಕು, ಅಂಚಿನಲ್ಲಿ ಒಂದೆರಡು ಬಿರುಕಿದ್ದರೂ ಚಿಂತೆಯಿಲ್ಲ. ದಪ್ಪ 2 ಸೆಂಟಿಮೀಟರ್. ಅಗಲ ಬನ್ನಿಗಿಂತ ಒಂದು ಬೆರಳು ಹೆಚ್ಚು, ಯಾಕೆಂದರೆ ಬೇಯುವಾಗ ತೂಕದಲ್ಲಿ ಸುಮಾರು ಕಾಲು ಭಾಗ ನೀರು, ಕೊಬ್ಬಾಗಿ ಹೋಗಿ ಬಿಲ್ಲೆ ಕುಗ್ಗುತ್ತದೆ. ಕುಗ್ಗುವಾಗ ಅಂಚು ಮೊದಲು ಬಿಗಿದು ನಡುವನ್ನು ಮೇಲಕ್ಕೆ ನೂಕುತ್ತದೆ, ಚೆಂಡಿನಂತಾಗುವುದು ಇದಕ್ಕೇ. ಹೆಬ್ಬೆರಳಿನಿಂದ ನಡುವೆ ಉದ್ದಿನ ವಡೆಗೆ ತೂತು ಮಾಡುವಂತೆ ಒತ್ತಿ, ತೂತು ಬೀಳುವ ಮೊದಲೇ ನಿಲ್ಲಿಸಿದರೆ ಒಂದು ಕುಳಿ ಉಳಿಯುತ್ತದೆ. ಬೆಂದಾಗ ಆ ಕುಳಿ ತುಂಬಿ ಬಿಲ್ಲೆ ಸಮತಟ್ಟಾಗುತ್ತದೆ. ತಟ್ಟಿದ ಬಿಲ್ಲೆಗಳು ಕೆಂಡ ಆಗುವವರೆಗೂ ಫ್ರಿಜ್ಜಿನಲ್ಲೇ ಇರಲಿ.

ಕೆಂಡ

ಬದನೆಕಾಯಿ ಸುಟ್ಟು ಗೊಜ್ಜು ಮಾಡಿದವರಿಗೆ, ಅಗ್ಗಿಷ್ಟಿಕೆ ಹೊತ್ತಿಸಿದವರಿಗೆ ಈ ಭಾಗ ಹೊಸತಲ್ಲ. ಉರಿಯಲ್ಲಿ ಸುಡಬಾರದು, ಕೆಂಡದಲ್ಲಿ ಸುಡಬೇಕು. ಇದ್ದಿಲಿಗೆ ಸೀಮೆಎಣ್ಣೆ, ಸ್ಪಿರಿಟ್ ಸುರಿದು ಹೊತ್ತಿಸಿದರೆ ಆ ವಾಸನೆ ಮಾಂಸಕ್ಕೆ ಹತ್ತಬಹುದು. ಅಮೆರಿಕದ ಮನೆಗಳಲ್ಲಿ ಇದಕ್ಕೊಂದು ತಗಡಿನ ಕೊಳವೆಯಿದೆ, ಹೆಸರು ಚಿಮ್ನಿ: ಕೆಳಗೆ ಎರಡು ಹಾಳೆ ಹಳೆಯ ಪತ್ರಿಕೆ, ಮೇಲೆ ಇದ್ದಿಲು. ಕಾಗದಕ್ಕೆ ಕಡ್ಡಿ ಗೀರಿದರೆ ಗಾಳಿ ಕೆಳಗಿನಿಂದ ಸೆಳೆದುಕೊಂಡು 15ರಿಂದ 20 ನಿಮಿಷದಲ್ಲಿ ಇದ್ದಿಲೆಲ್ಲ ಬೂದಿ ಹೊದ್ದ ಕೆಂಡವಾಗುತ್ತದೆ.

ಕೆಂಡವನ್ನು ಗ್ರಿಲ್ಲಿನ ಪೂರ್ತಿ ಹರಡದೆ ಒಂದು ಪಕ್ಕಕ್ಕೆ ಒಟ್ಟುವುದು ಇಡೀ ಕೆಲಸದ ಜೀವಾಳ. ಒಂದು ಬದಿ ಬಿರುಗೆಂಡ, ಇನ್ನೊಂದು ಬದಿ ಬರಿದು. ಕೊಬ್ಬಿನ ಹನಿ ಕೆಂಡಕ್ಕೆ ಬಿದ್ದು ಭಗ್ಗನೆ ಉರಿ ಎದ್ದರೆ ಬಿಲ್ಲೆಯನ್ನು ಈ ಬರಿದು ಬದಿಗೆ ಸರಿಸಬಹುದು. ನೀರು ಚಿಮುಕಿಸಿದರೆ ಬೂದಿ ಹಾರಿ ಮಾಂಸಕ್ಕೆ ಮೆತ್ತುತ್ತದೆ. ಬಿಸಿ ಎಷ್ಟಿದೆ ಎಂದು ನೋಡಲು ಜಾಲರಿಯಿಂದ ಒಂದು ಗೇಣು ಮೇಲೆ ಅಂಗೈ ಹಿಡಿಯಬೇಕು. ಎರಡು ಮೂರು ಸೆಕೆಂಡಿಗೆ ಕೈ ತಾನೇ ಹಿಂದೆ ಬಂದರೆ ಹದ ಬಂದಿದೆ. ಐದಾರು ಸೆಕೆಂಡು ತಡೆಯಲಾದರೆ ಇನ್ನೂ ಇದ್ದಿಲು ಬೇಕು.

ಜಾಲರಿ ಕಾದ ಮೇಲೆ ಉಜ್ಜಿ, ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ಒರೆಸಬೇಕು. ತಂತಿ ಬ್ರಷ್ಷಿನಿಂದ ಉಜ್ಜುವವರು ಎಚ್ಚರದಿಂದಿರಬೇಕು: ಕಿತ್ತುಬಂದ ಒಂದು ತಂತಿಯೆಳೆ ಜಾಲರಿಗೆ ಅಂಟಿ, ಅಲ್ಲಿಂದ ಬರ್ಗರಿಗೆ ಸೇರಿ ಗಂಟಲಿಗೆ, ಕರುಳಿಗೆ ಚುಚ್ಚಿ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯ ಸಾಹಿತ್ಯದಲ್ಲಿ ಸಾಕಷ್ಟಿವೆ. ಅರ್ಧ ಕತ್ತರಿಸಿದ ಈರುಳ್ಳಿಯನ್ನು ಮುಳ್ಳುಚಮಚಕ್ಕೆ ಸಿಕ್ಕಿಸಿ ಉಜ್ಜಿದರೂ ಕೆಲಸ ಆಗುತ್ತದೆ. ಇನ್ನೊಂದು ಮಾತು ಅಪಾರ್ಟ್‌ಮೆಂಟಿನವರಿಗೆ. ಇದ್ದಿಲನ್ನು ಮನೆಯೊಳಗೆ, ಮುಚ್ಚಿದ ಬಾಲ್ಕನಿಯಲ್ಲಿ ಹೊತ್ತಿಸುವಂತಿಲ್ಲ. ಅದರ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕೊಲ್ಲುವ ಶಕ್ತಿ ಇದೆ.

ಗ್ಯಾಸ್ ಗ್ರಿಲ್ಲಿನಲ್ಲಿ ಮಾಡಿದರೆ ರುಚಿ ಬರುವುದಿಲ್ಲವೇ ಎಂದರೆ, ಬರುತ್ತದೆ. ಕೆಂಡದ ರುಚಿ ಎಂದು ನಾವು ಕರೆಯುವುದರಲ್ಲಿ ಬಹುಪಾಲು ಇದ್ದಿಲಿನದಲ್ಲ. ಬಿಸಿಗೆ ಬಿದ್ದ ಕೊಬ್ಬಿನ ಹನಿ ಹೊಗೆಯಾಗಿ ಮೇಲೆದ್ದು ಮಾಂಸಕ್ಕೆ ಹಿಡಿಯುವುದರಿಂದ ಬರುವಂಥದ್ದು.

ಸುಡುವುದು

ಬಿಲ್ಲೆ ಇಟ್ಟೊಡನೆ ಚುರ್ ಎಂಬ ಸದ್ದು ಏಳಬೇಕು. ಏಳದಿದ್ದರೆ ತೆಗೆದುಬಿಡುವುದೇ ವಾಸಿ, ಜಾಲರಿ ಕಾದಿಲ್ಲ. ಮೊದಲ ಎರಡು ನಿಮಿಷ ಅಲ್ಲಾಡಿಸಬಾರದು. ಹಸಿ ಮಾಂಸ ಲೋಹಕ್ಕೆ ಕಚ್ಚಿಕೊಂಡಿರುತ್ತದೆ, ಕಂದು ಪದರ ಕಟ್ಟಿದ ಮೇಲೆ ತಾನೇ ಬಿಡುತ್ತದೆ. ಈ ಕಂದು ಪದರಕ್ಕೆ ಕಾರಣವಾದ ಕ್ರಿಯೆಯನ್ನು 1912ರಲ್ಲಿ ವಿವರಿಸಿದವನು ಫ್ರಾನ್ಸಿನ ಲೂಯಿ ಕಮೀಲ್ ಮಯ್ಯಾರ್. ಅಮೈನೋ ಆಮ್ಲ ಮತ್ತು ಸಕ್ಕರೆಗಳು ಬಿಸಿಯಲ್ಲಿ ಕೂಡಿ ನೂರಾರು ಹೊಸ ಪರಿಮಳದ ವಸ್ತುಗಳಾಗುತ್ತವೆ. ದೋಸೆಯ ಕೆಂಪು, ಹುರಿದ ಕಾಫಿ ಬೀಜದ ಘಮ, ಬರ್ಗರಿನ ಹೊರಪದರ, ಮೂರರಲ್ಲೂ ಅದರ ಕೈಯಿದೆ. ಇದು ಚುರುಕಾಗುವುದು ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಮೇಲ್ಮೈಯಲ್ಲಿ ನೀರಿರುವಷ್ಟು ಕಾಲ ಬಿಸಿ ನೂರು ಡಿಗ್ರಿಯಲ್ಲೇ ತಡೆದು ನಿಲ್ಲುತ್ತದೆ. ಬಿಲ್ಲೆಯ ಮೈ ಒದ್ದೆಯಿದ್ದರೆ ಕಾಗದದಿಂದ ಒತ್ತಿ ಒರೆಸುವುದು ಈ ಕಾರಣಕ್ಕೆ.

ಒಂದೇ ಸಲ ಮಗುಚಬೇಕು ಎಂಬ ಹಳೆಯ ನಿಯಮವಿದೆ. ಅಡುಗೆಯ ವಿಜ್ಞಾನ ಬರೆದ ಹೆರಾಲ್ಡ್ ಮೆಗೀ ಅದನ್ನು ಒಪ್ಪುವುದಿಲ್ಲ: ಪದೇ ಪದೇ ಮಗುಚಿದರೆ ಎರಡೂ ಬದಿ ಸಮನಾಗಿ ಬೆಂದು ಬೇಗ ಮುಗಿಯುತ್ತದೆ, ಹೊರಗಿನ ಬೂದುಬಣ್ಣದ ಬಿರುಸು ಪದರ ತೆಳುವಾಗುತ್ತದೆ. ಮೇಲ್ಮೈ ಅತಿಯಾಗಿ ಕಾಯದೆ ಇರುವುದರಿಂದ, ಸೀದ ಮಾಂಸದಲ್ಲಿ ಹುಟ್ಟುವ ಕ್ಯಾನ್ಸರ್‌ಕಾರಕ ಎನಿಸಿದ ಅಮೈನುಗಳೂ ಕಡಿಮೆ. ಹಳೆಯ ನಿಯಮ ಪಾಲಿಸುವವರ ಬರ್ಗರು ಕೆಡುತ್ತದೆಂದೇನಲ್ಲ. ಕೆಡುವುದು ಅದುಮುವುದರಿಂದ. ಒಲೆಯ ಮುಂದೆ ಸಟ್ಟುಗ ಹಿಡಿದು ನಿಂತ ಗಂಡಸರ ಕೈ ಸುಮ್ಮನಿರುವುದಿಲ್ಲ. ಬಿಲ್ಲೆಯನ್ನು ಒತ್ತಿ ಚುರ್ ಎನಿಸಿ, ಎದ್ದ ಉರಿಯನ್ನು ಮೆಚ್ಚಿಕೊಳ್ಳುತ್ತಾರೆ. ಆ ಸದ್ದು ರಸ ಹೋಗುತ್ತಿರುವ ಸದ್ದು. ಕಾದ ಹಂಚಿನ ಮೇಲೆ ಮಾಂಸದುಂಡೆಯನ್ನು ಒತ್ತಿ ತೆಳ್ಳಗೆ ಮಾಡುವ ‘ಸ್ಮ್ಯಾಶ್ ಬರ್ಗರ್’ ಎಂಬುದೊಂದಿದೆ. ಅದು ಬೇರೆ ವಿದ್ಯೆ: ಅಲ್ಲಿ ಒತ್ತುವುದು ಮೊದಲ ಅರ್ಧ ನಿಮಿಷದಲ್ಲಿ, ಕೊಬ್ಬು ಕರಗುವ ಮುನ್ನ, ಸೋರಿದರೂ ಹಂಚಿನಲ್ಲೇ ಉಳಿದು ಬಿಲ್ಲೆಯನ್ನು ಹುರಿಯುತ್ತದೆ. ಜಾಲರಿಯಲ್ಲಿ ಸೋರಿದ್ದು ಕೆಂಡದ ಪಾಲು.

2 ಸೆಂಟಿಮೀಟರ್ ದಪ್ಪದ ಬಿಲ್ಲೆಗೆ ಬಿರುಗೆಂಡದಲ್ಲಿ ಒಟ್ಟು ಎಂಟು ಹತ್ತು ನಿಮಿಷ ಹಿಡಿಯುತ್ತದೆ. ಗಡಿಯಾರ ಆಮೇಲೆ, ಮೊದಲು ಥರ್ಮಾಮೀಟರ್.

ಎಪ್ಪತ್ತೊಂದು ಡಿಗ್ರಿ

ದನದ ಸ್ಟೇಕನ್ನು ಒಳಗೆ ಕೆಂಪಗಿರುವಂತೆ ಬೇಯಿಸಿ ತಿನ್ನುವವರಿದ್ದಾರೆ. ಅಮೆರಿಕದ ಕೃಷಿ ಇಲಾಖೆ ಇಡೀ ತುಂಡಿಗೆ 63 ಡಿಗ್ರಿ ಸೆಲ್ಸಿಯಸ್ ಮತ್ತು ಮೂರು ನಿಮಿಷದ ವಿಶ್ರಾಂತಿ ಸಾಕು ಎನ್ನುತ್ತದೆ. ಕೊಚ್ಚಿದ ಮಾಂಸಕ್ಕೆ ಅದೇ ಇಲಾಖೆ ಹೇಳುವುದು 71. ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆಯ ಲೆಕ್ಕದಲ್ಲಿ 70 ಡಿಗ್ರಿಯಲ್ಲಿ ಎರಡು ನಿಮಿಷ. ಇಡೀ ತುಂಡಿನಲ್ಲಿ ರೋಗಾಣು ಇದ್ದರೆ ಹೊರಮೈಯಲ್ಲಿರುತ್ತದೆ, ಬೆಂಕಿ ತಾಕಿದೊಡನೆ ಸಾಯುತ್ತದೆ. ಕೊಚ್ಚಿದಾಗ ಹೊರಮೈಯೇ ಒಳಗಾಗುತ್ತದೆ.

ಇ. ಕೊಲೈ ಒ157:ಎಚ್7 ಎಂಬ ಬ್ಯಾಕ್ಟೀರಿಯಾ ಮನುಷ್ಯರಿಗೆ ರೋಗ ತರುತ್ತದೆಂದು ಗುರುತಾದದ್ದೇ ಹ್ಯಾಂಬರ್ಗರಿನಿಂದ. 1982ರಲ್ಲಿ ಆರೆಗಾನ್ ಮತ್ತು ಮಿಷಿಗನ್ ರಾಜ್ಯಗಳಲ್ಲಿ ರಕ್ತಭೇದಿಯ ಪ್ರಕರಣಗಳ ಜಾಡು ಹಿಡಿದು ಹೋದವರು ಅರೆಬೆಂದ ಬಿಲ್ಲೆಗಳನ್ನು ಮುಟ್ಟಿದರು. ಅಷ್ಟಾದರೂ ದೇಶ ಎಚ್ಚೆತ್ತುಕೊಂಡದ್ದು 1993ರಲ್ಲಿ. ಜಾಕ್ ಇನ್ ದ ಬಾಕ್ಸ್ ಸರಣಿಯ ಬರ್ಗರುಗಳಿಂದ ವಾಷಿಂಗ್ಟನ್ ಮತ್ತು ಇತರ ಮೂರು ಪಶ್ಚಿಮ ರಾಜ್ಯಗಳಲ್ಲಿ 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ನಾಲ್ಕು ಮಕ್ಕಳು ಸತ್ತರು. ಈ ಜೀವಿ ಬಿಡುವ ವಿಷ ರಕ್ತಕಣಗಳನ್ನು ಒಡೆದು ಮೂತ್ರಪಿಂಡವನ್ನು ಕೆಡಿಸುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಅಪಾಯ ಹೆಚ್ಚು. 1994ರಲ್ಲಿ ಕೃಷಿ ಇಲಾಖೆ ಹಸಿ ಕೊಚ್ಚಿದ ಮಾಂಸದಲ್ಲಿ ಈ ಬ್ಯಾಕ್ಟೀರಿಯಾ ಇರುವುದನ್ನೇ ಕಲಬೆರಕೆ ಎಂದು ಸಾರಿತು.

ಬಣ್ಣ ನೋಡಿ ಬೆಂದಿದೆ ಎನ್ನುವುದು ನಂಬಿಕೆಗೆ ತಕ್ಕದ್ದಲ್ಲ. ಮಾಂಸದ ಕೆಂಪಿಗೆ ಕಾರಣವಾದ ಮಯೋಗ್ಲೋಬಿನ್ ಕೆಲವೊಮ್ಮೆ ಸುರಕ್ಷಿತ ಬಿಸಿ ಮುಟ್ಟುವ ಮುಂಚೆಯೇ ಕಂದಾಗುತ್ತದೆ, ಕೆಲವೊಮ್ಮೆ ಅದನ್ನು ದಾಟಿದರೂ ಗುಲಾಬಿಯಾಗಿಯೇ ಉಳಿಯುತ್ತದೆ. ಥರ್ಮಾಮೀಟರಿನ ಮೊನೆಯನ್ನು ಮೇಲಿನಿಂದ ಅಲ್ಲ, ಅಂಚಿನಿಂದ ಅಡ್ಡಲಾಗಿ ನಡುವಿನವರೆಗೆ ತೂರಿಸಬೇಕು. 71ರಲ್ಲಿ ಬರ್ಗರು ಒಣಗುತ್ತದೆ ಎಂದು ಗೊಣಗುವವರ ಮಾಂಸದಲ್ಲಿ ಕೊಬ್ಬು ಸಾಲದು, ಇಲ್ಲವೇ ಅವರು ನಾದಿದ್ದಾರೆ, ಇಲ್ಲವೇ ಅದು 80 ದಾಟಿದೆ. ಹಸಿ ಬಿಲ್ಲೆ ತಂದ ತಟ್ಟೆಯಲ್ಲೇ ಬೆಂದದ್ದನ್ನು ಹೊತ್ತುಕೊಂಡು ಹೋಗುವುದು ಹಿತ್ತಲಿನ ಸಾಮಾನ್ಯ ತಪ್ಪು. ಕೊಂಡ ಕೈಮಾ 4 ಡಿಗ್ರಿಯಲ್ಲಿ ಒಂದೆರಡು ದಿನಕ್ಕಿಂತ ಹೆಚ್ಚು ಇರಬಾರದು. ಬಿಸಿಲಲ್ಲಿ ಮೇಜಿನ ಮೇಲೆ ಒಂದು ಗಂಟೆಯೂ ಹೆಚ್ಚೇ.

ಬನ್ನು, ಚೀಸು, ಉಳಿದದ್ದು

ಬನ್ನು ಮೆತ್ತಗಿರಬೇಕು, ಆದರೆ ರಸಕ್ಕೆ ಕರಗಬಾರದು. ಬೆಣ್ಣೆ, ಮೊಟ್ಟೆ ಹಾಕಿದ ಬ್ರಿಯೋಶ್ ಕಾಣಲು ಚೆಂದ, ಬಹಳ ಸಲ ಸಿಹಿ ಹೆಚ್ಚು. ಬೇಯಿಸಿದ ಆಲೂಗಡ್ಡೆ ಸೇರಿಸಿದ ಬನ್ನು ನನ್ನ ಲೆಕ್ಕದಲ್ಲಿ ಮೇಲು. ಯಾವುದಾದರೂ ಸರಿ, ಸೀಳಿದ ಮುಖಕ್ಕೆ ಬೆಣ್ಣೆ ಸವರಿ ಕೆಂಡದಂಚಿನಲ್ಲಿ ಅರ್ಧ ನಿಮಿಷ ಕೆಂಪಾಗಿಸಬೇಕು. ಆ ಒಣಪದರ ರಸವನ್ನು ತಡೆಯುತ್ತದೆ. ಚೀಸನ್ನು ಕೊನೆಯ ಒಂದು ನಿಮಿಷದಲ್ಲಿ ಬಿಲ್ಲೆಯ ಮೇಲಿಟ್ಟು ಮುಚ್ಚಳ ಹಾಕಬೇಕು. ಹಳೆಯ ಚೆಡ್ಡಾರ್ ರುಚಿಕರ, ಆದರೆ ಬಿಸಿಗೆ ಎಣ್ಣೆ ಬಿಟ್ಟು ಗಂಟುಗಂಟಾಗುತ್ತದೆ. ರುಚಿಗಾರರು ಮೂಗು ಮುರಿಯುವ ‘ಅಮೆರಿಕನ್ ಚೀಸ್’ ಹಾಳೆ ಇಲ್ಲಿ ಗೆಲ್ಲುತ್ತದೆ: ಅದರಲ್ಲಿನ ಲವಣಗಳು ಕೊಬ್ಬನ್ನೂ ನೀರನ್ನೂ ಬೇರೆಯಾಗಲು ಬಿಡುವುದಿಲ್ಲ, ಹೊದಿಕೆಯಂತೆ ಕರಗುತ್ತದೆ. ಸಂಸ್ಕರಿಸಿದ ಚೀಸಿಗೆ ಜೇಮ್ಸ್ ಕ್ರಾಫ್ಟ್ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1916ರಲ್ಲಿ.

ಈರುಳ್ಳಿ, ಟೊಮೇಟೊ, ಲೆಟ್ಯೂಸ್ ಎಲೆ, ಸೌತೆಯ ಉಪ್ಪಿನಕಾಯಿ, ಸಾಸಿವೆ, ಕೆಚಪ್ಪು ಹಾಕುವವರ ಇಷ್ಟ. ಎಲೆ ಬಿಲ್ಲೆಯ ಕೆಳಗಿದ್ದರೆ ತಳದ ಬನ್ನು ನೆನೆಯದು. ಹುಳಿ ಒಂದಾದರೂ ಇರಲೇಬೇಕು, ಇಲ್ಲದಿದ್ದರೆ ಮೂರನೆಯ ತುತ್ತಿಗೆ ಕೊಬ್ಬು ನಾಲಗೆ ಕಟ್ಟುತ್ತದೆ.

ಊರಿಗೊಂದು ಬಗೆ. ಒಕ್ಲಹೋಮಾದ ಎಲ್ ರೀನೋದಲ್ಲಿ ಈರುಳ್ಳಿಯನ್ನು ಎಳೆಎಳೆಯಾಗಿ ಹೆಚ್ಚಿ ಮಾಂಸದೊಳಗೇ ಒತ್ತುತ್ತಾರೆ. ದುಬಾರಿ ಮಾಂಸವನ್ನು ಅಗ್ಗದ ಈರುಳ್ಳಿಯಿಂದ ಹಿಗ್ಗಿಸಿದ ಬಡತನದ ಕಾಲದ ಉಪಾಯವದು. ಮಿನಿಯಾಪೊಲಿಸ್ಸಿನ ‘ಜೂಸಿ ಲೂಸಿ’ಯಲ್ಲಿ ಚೀಸು ಒಳಗಡೆ, ಹೋಳಿಗೆಯ ಹೂರಣದ ಹಾಗೆ, ಅವಸರದಿಂದ ಕಚ್ಚಿದರೆ ನಾಲಗೆ ಸುಡುತ್ತದೆ. ನ್ಯೂ ಮೆಕ್ಸಿಕೋದವರು ಸುಟ್ಟು ಸಿಪ್ಪೆ ತೆಗೆದ ಹಸಿಮೆಣಸಿನಕಾಯಿ ಹೇರುತ್ತಾರೆ, ಕನ್ನಡದ ನಾಲಗೆಗೆ ಅಮೆರಿಕದಲ್ಲಿ ಒಗ್ಗುವ ಬರ್ಗರ್ ಇದ್ದರೆ ಇದೇ. ಆಸ್ಟ್ರೇಲಿಯದಲ್ಲಿ ಬೀಟ್‌ರೂಟು, ಹುರಿದ ಮೊಟ್ಟೆ.

ಭಾರತ, ಕರ್ನಾಟಕ

ಭಾರತದಲ್ಲಿ ಬರ್ಗರ್ ಎಂಬ ಪದ ಜನಪ್ರಿಯವಾದದ್ದು ದನದ ಮಾಂಸವನ್ನು ಬಿಟ್ಟುಕೊಟ್ಟು. 1996ರಲ್ಲಿ ದೆಹಲಿಯಲ್ಲಿ ಮೊದಲ ಅಂಗಡಿ ತೆರೆದ ಮೆಕ್‌ಡೊನಾಲ್ಡ್ಸ್ ಬೀಫನ್ನು ತರಲೇ ಇಲ್ಲ. ಆಲೂ ಟಿಕ್ಕಿಯೇ ಇಲ್ಲಿನ ಬರ್ಗರಿನ ಮುಖವಾಯಿತು. ದನದ ಮಾಂಸ ತಿನ್ನುವ ಸಮುದಾಯಗಳು ಕರ್ನಾಟಕದಲ್ಲಿ ಹಿಂದಿನಿಂದಲೂ ಇವೆ: ದಲಿತರು, ಮುಸ್ಲಿಮರು, ಕ್ರೈಸ್ತರಲ್ಲಿ ಹಲವರು. ಅವರ ಅಡುಗೆಯಲ್ಲಿ ಅದು ಸಾರು, ಹುರಿದ ಬಾಡು, ಒಣಗಿಸಿಟ್ಟ ಕೊರಬಾಡು, ಕಬಾಬು. ಬರ್ಗರ್ ಬಂದದ್ದು ಬೆಂಗಳೂರಿನ ದಂಡು ಪ್ರದೇಶದ ಹೋಟೆಲುಗಳ ದಾರಿಯಿಂದ. 2020ರ ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣೆ ಕಾಯ್ದೆ ಹಸು, ಕರು, ಎತ್ತು, ಹೋರಿಗಳ ವಧೆಯನ್ನು ಪೂರ್ತಿ ನಿಷೇಧಿಸಿದೆ. 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಮಾತ್ರ ಪ್ರಮಾಣಪತ್ರದ ಮೇಲೆ ಕಡಿಯಬಹುದು. ಆದ್ದರಿಂದ ರಾಜ್ಯದಲ್ಲಿ ಕಾನೂನಿನೊಳಗೆ ಮನೆಯ ಬರ್ಗರಿಗೆ ಸಿಗುವುದು ಮುದಿ ಎಮ್ಮೆಯ ಮಾಂಸ.

ಅದರ ಗುಣ ಬೇರೆ. ಬಣ್ಣ ಗಾಢ, ಕೊಬ್ಬು ಹಾಲಿನಂತೆ ಬಿಳಿ. ಸ್ನಾಯುವಿನೊಳಗೆ ಕೊಬ್ಬಿನ ಗೆರೆ ಕಡಿಮೆ, ನಾರು ಗಟ್ಟಿ. ಹಾಗೇ ಸುಟ್ಟರೆ ಒಣಗುತ್ತದೆ. ಕಟುಕನನ್ನು ಕೇಳಿ ಬೇರೆ ಕೊಬ್ಬು ತಂದು ಸೇರಿಸಬೇಕು, ಅಥವಾ ನಲ್ಲಿ ಮೂಳೆಯ ಮಜ್ಜೆಯನ್ನು ತೆಗೆದು, ತಣ್ಣಗೆ ಮಾಡಿ, ಮಾಂಸದ ಜೊತೆ ಕೊಚ್ಚಬೇಕು. ಎರಡು ಸಲ ಕೊಚ್ಚಿದರೆ ನಾರಿನ ಬಿರುಸು ಇಳಿಯುತ್ತದೆ. ಕೈಮಾ ಅಂಗಡಿಯವನು ಅಭ್ಯಾಸಬಲದಿಂದ ಕೊಬ್ಬನ್ನೆಲ್ಲ ಹೆರೆದು ಎಸೆಯುವುದುಂಟು, ಮೊದಲೇ ಹೇಳಿಡುವುದು ಒಳ್ಳೆಯದು.

ಅಮೆರಿಕದ ಊರುಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಬರ್ಗರಿನ ಪರಿಚಯ ಪಕ್ಕದ ಮನೆಯ ಹಿತ್ತಲಲ್ಲಿ, ಮಕ್ಕಳ ಹುಟ್ಟುಹಬ್ಬದಲ್ಲಿ, ಪಾರ್ಕಿನಲ್ಲಿ ಕಂಬಕ್ಕೆ ಬೆಸೆದ ಕಬ್ಬಿಣದ ಗ್ರಿಲ್ಲಿನ ಮುಂದೆ ಆಗುತ್ತದೆ. ತಿನ್ನುವವರು, ತಿನ್ನದವರು ಒಂದೇ ಮೇಜಿಗೆ ಬರುವ ಕೂಟದಲ್ಲಿ ಅತಿಥೇಯರು ಮೊದಲು ಗಮನಿಸಬೇಕಾದದ್ದು ಜಾಲರಿಯನ್ನು. ಸಸ್ಯಾಹಾರಿಯ ಬಿಲ್ಲೆ, ಜೋಳದ ತೆನೆ, ಪನೀರು ಎಲ್ಲ ಮಾಂಸಕ್ಕಿಂತ ಮೊದಲು ತೊಳೆದ ಜಾಲರಿಯ ಮೇಲೆ ಬೇರೆ ಸಟ್ಟುಗದಲ್ಲಿ ಬೇಯಬೇಕು. ಅದಾಗದಿದ್ದರೆ ಎರಡನೆಯ ಒಲೆ ಬೇಕು. ಅಲ್ಯೂಮಿನಿಯಂ ಹಾಳೆ ಹಾಸಿದರೆ ಸಾಕು ಎಂದುಕೊಳ್ಳುವವರಿದ್ದಾರೆ. ಪಕ್ಕದಲ್ಲೇ ಕೊಬ್ಬು ಸಿಡಿಯುತ್ತಿರುವಾಗ ಅಂಚಿನಲ್ಲಿ ಕೈಕಟ್ಟಿ ನಿಂತ ಅತಿಥಿಗೆ ಆ ಹಾಳೆ ಸಾಲುವುದಿಲ್ಲ; ಅವರು ಚಿಪ್ಸ್ ತಿಂದು ಹೊಟ್ಟೆ ತುಂಬಿತೆಂದು ಹೇಳಿ ಮನೆಗೆ ಹೋಗಿ ಮೊಸರನ್ನ ಕಲಸುತ್ತಾರೆ.